ಸಿಮೆಂಟಿಗೆ ನೀರು

ಎಂಬತ್ತರ ದಶಕದ ಮೊದಲಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಒಂದು ಬೆಳಿಗ್ಗೆ ಕಂಪನಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದೆ. ಬಲಭುಜದ ಮೂಳೆಯ ತಲೆ ಪುಡಿಯಾಯಿತು. ನೋವಿಗಿಂತ, ಬಸ್ಸು ತುಂಬ ಗಂಡಸರ ಮುಂದೆ ಸೀರೆ ಕೆದರಿಕೊಂಡು ಬಿದ್ದೆನಲ್ಲ ಎಂಬ ನಾಚಿಕೆಯೇ ಹೆಚ್ಚಾಗಿತ್ತು.

ಆಸ್ಪತ್ರೆಯಲ್ಲಿ ಪುಡಿಯಾದದ್ದನ್ನು ತೆಗೆದು ಲೋಹದ ತಲೆ ಕೂರಿಸಿದರು. ಅದು ಅಲುಗಾಡದಂತೆ ಮೂಳೆಯೊಳಗೆ ಸಿಮೆಂಟು ತುಂಬಿದ್ದೇವೆ ಎಂದು ಡಾಕ್ಟರು ರೌಂಡ್ಸಿಗೆ ಬಂದಾಗ ಹೇಳಿದರು. ಸಿಮೆಂಟು ಅಂದದ್ದೇ ತಡ, ಮಂಚದ ಪಕ್ಕ ನಿಂತಿದ್ದ ನಮ್ಮಪ್ಪನ ಕಿವಿ ನೆಟ್ಟಗಾಯಿತು. ಅಪ್ಪ ಗಾರೆ ಕೆಲಸದವನು. ಪೀಣ್ಯದ ಎಷ್ಟೋ ಶೆಡ್ಡುಗಳ ಗೋಡೆ ಅವನು ಕಟ್ಟಿದ್ದು.

"ಎಷ್ಟ್ ದಿನ ನೀರ್ ಹಾಕ್ಬೇಕು ಸಾಮಿ?" ಎಂದು ಕೇಳಿಯೇಬಿಟ್ಟ.

ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮತ್ತೆ ಮುಖ ತಿರುಗಿಸಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಡಾಕ್ಟರು ಮಾತ್ರ ನಗಲಿಲ್ಲ. ಇದು ಬೇರೆ ಸಿಮೆಂಟು, ಪುಡಿಗೆ ದ್ರವ ಬೆರೆಸಿ ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ತುಂಬುತ್ತೇವೆ, ಮೂಳೆಯೊಳಗೆ ರಕ್ತದ ಪಸೆಯೂ ಇರದಂತೆ ತೊಳೆದು ಒರೆಸಿರಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ, ಗಟ್ಟಿಯಾಗುವವರೆಗೆ ಯಾರೂ ಕೈ ಅಲುಗಿಸುವಂತಿಲ್ಲ ಎಂದೆಲ್ಲ ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದರು. ಅಪ್ಪ ತಲೆಯಾಡಿಸಿದ. ಅವನಿಗೆ ಕೇಳಿಸಿದ್ದು 'ತೊಳೆದು' ಎಂಬುದೊಂದೇ.

ಮನೆಗೆ ಬಂದ ಮೇಲೆ ಗಂಡ ಶಿಫ್ಟಿಗೆ ಹೋಗುತ್ತಿದ್ದರು, ಅತ್ತೆ ಅಡುಗೆಮನೆ ಬಿಟ್ಟು ಬರುತ್ತಿರಲಿಲ್ಲ. ಹಗಲು ನನ್ನ ಹತ್ತಿರ ಕೂರುತ್ತಿದ್ದವನು ಅಪ್ಪನೇ. ಮಾತ್ರೆಯ ಮಂಪರಿನಲ್ಲಿ ಭುಜದ ಮೇಲೆ ತಣ್ಣಗೇನೋ ತಾಗುತ್ತಿತ್ತು. ಆ ಸೆಕೆಗೆ ಹಾಯೆನಿಸುತ್ತಿತ್ತು. ಜ್ವರಕ್ಕೆ ಒದ್ದೆಬಟ್ಟೆ ಹಾಕುತ್ತಿದ್ದಾನೆ ಅಂದುಕೊಂಡೆ. ಗಾಯ ಕೆಂಪಗೆ ಊದಿ ಕೀವು ಕಾಣಿಸಿದ ದಿನವೇ ಗೊತ್ತಾದದ್ದು: ಹೊಸ ಕಂಬಕ್ಕೆ ಒದ್ದೆ ಗೋಣಿ ಸುತ್ತುವ ಹಾಗೆ ಬ್ಯಾಂಡೇಜಿನ ಮೇಲೆ ಟವೆಲ್ಲು ಸುತ್ತಿ, ಅದು ಒಣಗಿದಾಗಲೆಲ್ಲ ನೀರು ಚಿಮುಕಿಸುತ್ತಿದ್ದನಂತೆ.

"ಬಿರುಕು ಬಿಟ್ರೆ ಏನವ್ವ ಗತಿ ಅಂತ," ಅಂದ.

ಮತ್ತೆ ಆಸ್ಪತ್ರೆಗೆ ಹೋದೆವು. ಕೀವು ಕೀಲಿಗೆ ಇಳಿದಿದ್ದರೆ ಹಾಕಿದ್ದನ್ನೆಲ್ಲ ಕಿತ್ತು ತೆಗೆಯಬೇಕು, ಆಮೇಲೆ ಕೈ ಜೋತಾಡಿಕೊಂಡಿರಬೇಕಷ್ಟೆ ಎಂದರು ಡಾಕ್ಟರು. ಒದ್ದೆ ಮಾಡಿದ್ದು ಯಾರು ಎಂದು ಗದರಿದರು. ಅತ್ತೆ ಅಲ್ಲೇ ಇದ್ದರು. ಬಾಗಿಲ ಹತ್ತಿರ ಅಪ್ಪ ಬಾಯಿ ತೆರೆದ.

"ನಾನೇ ಸ್ನಾನ ಮಾಡ್ಬಿಟ್ಟೆ ಡಾಕ್ಟ್ರೇ," ಅಂದೆ.

ಓದಿದವಳು, ಆಫೀಸಿಗೆ ಹೋಗುವವಳು, ಇಷ್ಟು ಬುದ್ಧಿ ಬೇಡವೇ ಎಂದು ವಾರ್ಡಿಗೆಲ್ಲ ಕೇಳುವಂತೆ ಉಗಿದರು. ಅತ್ತೆಯೂ ದನಿಗೂಡಿಸಿದರು. ಅವಮಾನಕ್ಕೆ ಮೈಯೆಲ್ಲ ಉರಿದುಹೋಯಿತು.

ಪುಣ್ಯಕ್ಕೆ ಕೀವು ಚರ್ಮದಡಿಯಲ್ಲೇ ನಿಂತಿತ್ತು. ತೊಳೆದು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿ ಭುಜ ಉಳಿಸಿದರು. ಇನ್ನು ದಿನಾ ಯಾರಾದರೂ ಮೆಲ್ಲಗೆ ಕೈ ಎತ್ತಿಸಬೇಕು, ಇಲ್ಲದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ ಎಂದು ಹೇಳಿ ಮನೆಗೆ ಕಳಿಸಿದರು. ಅಪ್ಪ ಹತ್ತಿರ ಬರಲೊಲ್ಲ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆ ನೋಡುತ್ತ ಕೂತ.

"ಈ ಕೈಯಾಗೆ ಮುಟ್ಟಾಕಿಲ್ಲ ಕಣವ್ವ," ಅಂದ.

ವಾರ್ಡಿನಲ್ಲಿ ಅವನ ಮಗಳೆನಿಸಿಕೊಳ್ಳಲು ನಾಚಿದ್ದವಳು ನಾನು. ಈಗ ಅವನೇ ನನ್ನೆದುರು ನಾಚಿ ಮುದುಡಿದ್ದ. ಅದನ್ನು ನೋಡಲಾಗದೆ ನನಗೆ ರೇಗಿತು. ಎಡಗೈಯಿಂದ ಅವನ ಮುಂಗೈ ಹಿಡಿದೆಳೆದು ನನ್ನ ಬಲಮೊಣಕೈ ಕೆಳಗಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರೆದುರು ಎಂದೂ ಆಡದಿದ್ದ ನಮ್ಮೂರ ಮಾತು ಬಾಯಿಗೆ ಬಂತು.

"ಎತ್ತಪ್ಪ. ಸಿಮೆಂಟು ಒಣಗೈತೆ."

ಅಪ್ಪ ಎತ್ತಿದ. ನನ್ನ ಕೈ ಎದೆಮಟ್ಟಕ್ಕೆ ಬಂತು. ಅವನು ಮಾತ್ರ ತಲೆ ಎತ್ತಲಿಲ್ಲ.