ಬೆಲೆ ಇಳಿಸಿದವಳು

ಶ್ರೀರಂಗಪಟ್ಟಣದ ಹೊಳೆದಂಡೆಯ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ತಂಗುವ ತಮ್ಮ ಹಕ್ಕನ್ನು ನನಗೆ ಮಾರಿದವರು ನಾಗಮಂಗಲದ ಒಬ್ಬ ವಯಸ್ಸಾದ ಬಡಗಿ. ಕೋಣೆ ತೋರಿಸುವಾಗ ಬೆಲೆಯ ಮಾತೆತ್ತಿದರೆ ಸಾಕು, "ಅವ್ಳನ್ನೊಂದು ಮಾತು ಕೇಳ್ಬುಡ್ತೀನಿ" ಎಂದು ಖಾಲಿ ಮಂಚದತ್ತ ಬಾಗಿ ಕಿವಿಗೊಡುತ್ತಿದ್ದರು. ಅವರ ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು.

ಮನೆಯಲ್ಲಿ ಕೇಳುತ್ತೇನೆ ಎಂದವರು ಬೆಲೆ ಏರಿಸುತ್ತಾರೆಂದೇ ತಿಳಿಯಿರಿ. ಇವರು ಮಾತ್ರ ನಾನು ಚೌಕಾಸಿಗಿಳಿಯುವ ಮೊದಲೇ ಇಳಿಸಿದರು.

"ಇನ್ನೂ ಇಳ್ಸು ಅಂತಾವ್ಳೆ ಕಣಪ್ಪಾ. ನಿಮ್ಮೆಂಗಸ್ರು ಜೊತೇಲಿದ್ರೆ ಅವ್ಳ್ಗೆ ಬೇಜಾರು ಕಳೀತದಂತೆ."

ನನ್ನ ಹೆಂಡತಿಯನ್ನು ಅವರು ಕಂಡೇ ಇರಲಿಲ್ಲ. ಆದರೂ ಅಂಥ ಬೆಲೆ ಬಿಡಲು ಮನಸ್ಸಾಗದೆ ಮುಂಗಡ ಕೊಟ್ಟೆ. ಹಕ್ಕು ನಮ್ಮ ಹೆಸರಿಗೆ ವರ್ಗವಾಗಲೆಂದು ತಿಂಗಳುಗಟ್ಟಲೆ ಕಾದೆವು. ಬಡಗಿಯ ಆ ಮಾತನ್ನಾಗಲಿ, ಅವರ ಹೆಂಡತಿಯ ಸುದ್ದಿಯನ್ನಾಗಲಿ ನಾನು ಮನೆಯಲ್ಲಿ ಎತ್ತಲಿಲ್ಲ.

ವರ್ಗವಾದ ಪತ್ರ ಬಂದ ಬೆಳಿಗ್ಗೆ ನನ್ನ ಹೆಂಡತಿ ಬ್ಯಾಗು ತುಂಬುತ್ತಾ ಕೇಳಿದಳು: "ಆಯಮ್ಮಂಗೂ ಒಂದು ಸೀರೆ ಇಟ್ಕಳ್ಳಾ?"