ಎಣಿಸುತ್ತಿದ್ದ ಸಾಹೇಬರು

ನಮ್ಮೂರು ಸಂಖಕ್ಕೆ ನೀರಿನ ಬಾವಿ ಕೊರೆಯುವ ಯಂತ್ರ ತಂದಿದ್ದ ಜರ್ಮನ್ ಸಾಹೇಬರು ಒಂದು ಬೇಸಿಗೆ ನಮ್ಮ ಪಡಸಾಲೆಯಲ್ಲಿದ್ದರು. ಮಹಾಯುದ್ಧದಲ್ಲಿ ಅವರು ಸೈನ್ಯದ ಅಧಿಕಾರಿಯಾಗಿದ್ದರು ಎಂದು ಊರಿಗೆಲ್ಲ ಹೇಗೆ ಗೊತ್ತಾಯಿತೋ, ಅವರಂತೂ ಆ ಸುದ್ದಿ ಎತ್ತಿದವರಲ್ಲ. ಅವ್ವ ರೊಟ್ಟಿ ತಂದರೆ ಥಟ್ಟನೆ ಎದ್ದು, ಹಿಮ್ಮಡಿ ಜೋಡಿಸಿ ನಿಲ್ಲುತ್ತಿದ್ದರು. "ಕುಂದ್ರಿ ಸಾಹೇಬ್ರ, ರೊಟ್ಟಿ ಆರತಾವ" ಅಂತಿದ್ದಳು ಅವ್ವ. ಅವರಿಗೆ ಬರುತ್ತಿದ್ದ ಕನ್ನಡ ಎರಡೇ ಮಾತು: "ಭಾಳ ಚಲೋ." ಕೊರೆದಲ್ಲಿ ಬರೀ ಧೂಳು ಎದ್ದ ದಿನವೂ ಅದನ್ನೇ ಅನ್ನುತ್ತಿದ್ದರು.

ಒಂದು ಸಂಜೆ ನಾನೂ ಸಾಹೇಬರೂ ಕಟ್ಟೆಯ ಮೇಲೆ ಕೂತಿದ್ದೆವು. ಪಕ್ಕದೂರು ತಿಕೋಂಡಿ ಕಡೆಯಿಂದ ಕುರಿಗಳು ಕೆಂಧೂಳಿನೊಳಗೆ ತೇಲುತ್ತ ಬಂದವು, ಕಾಲುಗಳೇ ಕಾಣುತ್ತಿರಲಿಲ್ಲ. ಸಾಹೇಬರು ಬೆರಳೆತ್ತಿ, ತಮ್ಮ ಭಾಷೆಯಲ್ಲಿ ಒಂದೊಂದೇ ಎಣಿಸತೊಡಗಿದರು. ಹಿಂದೆ ಬರುತ್ತಿದ್ದ ಕುರಿ ಕಾಯುವ ಅಜ್ಜ ಗಾಬರಿಯಾಗಿ ಕೂಗಿದ:

"ಎಣಸಬ್ಯಾಡ್ರಿ ಸಾಹೇಬ್ರ! ಎಣಿಸಿದ್ರ ಕಡಿಮಿ ಆಗ್ತಾವ್ರಿ."

ಅದನ್ನು ನಾನು ಹಿಂದಿಯಲ್ಲಿ ಹೇಳಿದೆ. ಸಾಹೇಬರ ಬೆರಳು ಗಾಳಿಯಲ್ಲೇ ನಿಂತಿತು. ಎದ್ದು, ಹಿಮ್ಮಡಿ ಜೋಡಿಸಿ, ಕೊನೆಯ ಮರಿ ದಾಟುವ ತನಕ ಹಾಗೇ ನಿಂತಿದ್ದರು. ಆಮೇಲೆ ಕೈಯನ್ನು ಜೇಬಿನೊಳಗೆ ಇಳಿಸಿ, ತಮ್ಮ ಹರಕು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು:

"ಅಜ್ಜ ಹೇಳಿದ್ದು ಖರೆ. ನಾನು ದಿನಾ ಮುಂಜಾನೆ ನನ್ನ ದಳದ ಹುಡುಗರನ್ನು ಎಣಿಸುತ್ತಿದ್ದೆ."