ಪಾದರಸದ ಮೇಲೆ ತೇಲುವ ದೀಪ

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ ಒಂದು ಮಳೆಗಾಲದ ಆರಂಭದಲ್ಲಿ ಸಮುದ್ರದ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಆಗ ನನಗೆ ಒಂಬತ್ತು ವರ್ಷ. ಅಪ್ಪ ಲೈಟ್‌ಹೌಸ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮೈಸೂರಿನವರಾದ ಅವರನ್ನು ಕಾರವಾರದ ಆಚೆಗಿನ ಒಂದು ಪುಟ್ಟ ನಡುಗಡ್ಡೆಗೆ ವರ್ಗ ಮಾಡಿದ್ದರು. ಎಲೆನ್‌ಬ್ರೂಕ್‌ನ ಈಗಿನ ನಮ್ಮ ಮನೆಯಿಂದ ನಿಮ್ಮ ಶಾಲೆಯವರೆಗೆ ನಡೆಯುವಷ್ಟು ಹೊತ್ತಿನಲ್ಲಿ ಆ ನಡುಗಡ್ಡೆಯನ್ನು ಎರಡು ಸುತ್ತು ಹಾಕಿ ಬರಬಹುದಿತ್ತು. ಬರೀ ಕಪ್ಪು ಬಂಡೆ, ಒಂದಿಷ್ಟು ಮುಳ್ಳುಪೊದೆ, ಮಧ್ಯೆ ಬಿಳಿ ಗೋಪುರ.

ಅಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದರು. ಹಾಗಾಗಿ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಇದ್ದು ಹೋಗಲು ನಾನೂ ಅಕ್ಕನೂ ಅಪ್ಪನ ಬಳಿಗೆ ಬಂದಿದ್ದೆವು. ಅಕ್ಕ ಅಂದರೆ ಈಗ ಬ್ರಿಸ್ಬೇನ್‌ನ ಸನ್ನಿಬ್ಯಾಂಕ್‌ನಲ್ಲಿ ಮಗಳ ಜೊತೆ ಇರುವ ನಿಮ್ಮ ದೊಡ್ಡಜ್ಜಿ. ಆಗ ಅವಳಿಗೆ ಹದಿನಾಲ್ಕು. ಆ ವರ್ಷ ಮಳೆ ಬೇಗ ಬಂತು. ಅಪ್ಪನ ಸಹಾಯಕರು ಜ್ವರ ಬಂದು ಕೊನೆಯ ದೋಣಿಯಲ್ಲಿ ದಡಕ್ಕೆ ಹೋದರು. ಆಮೇಲೆ ಯಾವ ದೋಣಿಯೂ ಬರಲಿಲ್ಲ. ಗಾಳಿಗೆ ಮನೆಯ ಹೆಂಚು ಹಾರಿಹೋದ ಮೇಲೆ ನಾವು ಮೂವರೂ ಗೋಪುರದ ಕೆಳಗಿನ ದುಂಡು ಕೋಣೆಯಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗುತ್ತಿದ್ದೆವು. ಅದಕ್ಕಿದ್ದದ್ದು ಒಂದೇ ಕಬ್ಬಿಣದ ಬಾಗಿಲು. ಅಲೆ ಅದರ ಮೇಲೆ ಅಪ್ಪಳಿಸಿದಾಗ ಗೋಡೆಗೆ ಒರಗಿದ ಬೆನ್ನು ಅದುರುತ್ತಿತ್ತು.

ಗೋಪುರದ ತುದಿಯಲ್ಲಿದ್ದ ದೀಪವನ್ನು ನೀವು ನೋಡಬೇಕಿತ್ತು. ದೀಪದ ಸುತ್ತ ಕೋಣೆಯಷ್ಟು ದೊಡ್ಡ ಗಾಜಿನ ಗೂಡು, ಅದರ ಕೆಳಗೆ ಉಂಗುರದಂಥ ಒಂದು ತೊಟ್ಟಿ, ತೊಟ್ಟಿಯ ತುಂಬ ಪಾದರಸ. ಅಷ್ಟು ಭಾರದ ಗಾಜು ಪಾದರಸದ ಮೇಲೆ ತೇಲುತ್ತಿತ್ತು. ನಾನು ಒಂದೇ ಬೆರಳಿನಿಂದ ತಳ್ಳಿದರೆ ಸಾಕು, ಸದ್ದಿಲ್ಲದೆ ತಿರುಗುತ್ತಿತ್ತು. ಪಾದರಸದಲ್ಲಿ ಕಸ ಕೂತರೆ ತಿರುಗುವುದು ನಿಧಾನವಾಗುತ್ತದೆ. ಆಗ ಅಪ್ಪ ಅದನ್ನು ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು, ಮೆತ್ತನೆಯ ಚರ್ಮದಲ್ಲಿ ಹಿಂಡಿ ಸೋಸಿ, ಮತ್ತೆ ತುಂಬುತ್ತಿದ್ದರು. ಎಲ್ಲವನ್ನೂ ಬರಿಗೈಯಲ್ಲಿ ಮಾಡುತ್ತಿದ್ದರು. ಗಾಳಿಗೆ ದೀಪ ಕೆಡದಿರಲೆಂದು ಮೇಲಿನ ಕಿಟಕಿಗಳು ಯಾವಾಗಲೂ ಮುಚ್ಚಿರುತ್ತಿದ್ದವು.

ಅಪ್ಪನ ಕೈ ನಡುಗಲು ಶುರುವಾಗಿ ಬಹಳ ದಿನವಾಗಿತ್ತು. ಕಾಫಿ ಲೋಟ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಚೆಲ್ಲಿರುತ್ತಿತ್ತು. ಒಸಡಿನಿಂದ ರಕ್ತ ಬರುತ್ತಿತ್ತು. ಮೊದಲು ನಗುನಗುತ್ತಾ ಇದ್ದವರು ಈಗ ಚಮಚ ಬಿದ್ದರೂ ರೇಗುತ್ತಿದ್ದರು. ಯಾರಾದರೂ ಕೇಳಿದರೆ "ಚಳಿ" ಎನ್ನುತ್ತಿದ್ದರು. ವಿಷಯ ಮೇಲಿನವರಿಗೆ ಗೊತ್ತಾದರೆ ಕೆಲಸದಿಂದ ತೆಗೆದುಹಾಕುತ್ತಾರೆಂಬ ಹೆದರಿಕೆ ಅವರದು.

ಒಂದು ದಿನ ಬೆಳಿಗ್ಗೆ ಅಕ್ಕ ಸೀಮೆಎಣ್ಣೆ ಸ್ಟೌ ಮೇಲೆ ಉಪ್ಪಿಟ್ಟು ಮಾಡುತ್ತಿದ್ದಳು, ಅಪ್ಪ ಗೋಪುರದ ತುದಿಯಲ್ಲಿ ಪಾದರಸ ಸೋಸುತ್ತಿದ್ದರು. ಮೇಲೆ ಪಾತ್ರೆ ಬಿದ್ದ ದೊಡ್ಡ ಸದ್ದು. ಅದರ ಹಿಂದೆಯೇ ಸಾವಿರ ಮಣಿಗಳು ಒಟ್ಟಿಗೆ ಉದುರಿದ ಹಾಗೆ ಇನ್ನೊಂದು ಸದ್ದು. ತಲೆಯೆತ್ತಿ ನೋಡಿದರೆ ಸುರುಳಿ ಮೆಟ್ಟಿಲಿನ ಸಂದುಗಳಿಂದ ಬೆಳ್ಳಿಯ ಹನಿಗಳು ಪುಟಿಯುತ್ತಾ ಬರುತ್ತಿದ್ದವು. ನೆಲ, ಹಾಸಿಗೆ, ನನ್ನ ತಲೆಗೂದಲು, ಕಾದ ಸ್ಟೌ, ಎಲ್ಲೆಲ್ಲೂ ಪಾದರಸ. ಸ್ಟೌ ಮೇಲೆ ಬಿದ್ದ ಹನಿಗಳು ಚುರ್ರೆಂದು ಮಾಯವಾದವು. ನಾನು ಕುಣಿದಾಡಿಬಿಟ್ಟೆ. ಎರಡು ಹನಿಗಳನ್ನು ಹತ್ತಿರ ತಂದರೆ ಒಂದಾಗುತ್ತಿದ್ದವು, ಒತ್ತಿದರೆ ಹತ್ತಾಗಿ ಓಡುತ್ತಿದ್ದವು.

ಅಪ್ಪ ಓಡಿ ಇಳಿದು ಬಂದರು. ಮುಖ ಬಿಳಿಚಿಕೊಂಡಿತ್ತು. "ಒಂದು ಹನಿನೂ ಬಿಡಬೇಡಿ. ಸರ್ಕಾರದ್ದು ಇದು. ಆಯ್ಕೊಳ್ಳಿ, ಬೇಗ!"

ಮೂವರೂ ಮಂಡಿಯೂರಿ ಕುಳಿತು ಹಳೆಯ ಪೋಸ್ಟ್‌ಕಾರ್ಡುಗಳಿಂದ ಹನಿಗಳನ್ನು ಗುಡಿಸಿ ಬಾಟಲಿಗೆ ತುಂಬತೊಡಗಿದೆವು. ಸ್ಟೌ ಉರಿಯುತ್ತಲೇ ಇತ್ತು. ಬಾಗಿಲಿಗೆ ಅಗಳಿ ಹಾಕಿತ್ತು. ಸ್ವಲ್ಪ ಹೊತ್ತಿಗೆ ನನ್ನ ಬಾಯಲ್ಲಿ ತಾಮ್ರದ ಕಾಸು ಚೀಪಿದಂಥ ರುಚಿ ಬಂತು. ಆಮೇಲೆ ಕೆಮ್ಮು. ಕೆಮ್ಮಿ ಕೆಮ್ಮಿ ಎದೆಗೆ ಹಗ್ಗ ಬಿಗಿದ ಹಾಗಾಯಿತು. ಆ ದುಂಡು ಕೋಣೆ ಸುತ್ತಲಿನಿಂದ ನನ್ನ ಮೇಲೆ ಒತ್ತಿಕೊಂಡು ಬರುತ್ತಿದೆ ಅನ್ನಿಸಿತು. ಒಳಗೆ ಉಸಿರಿಲ್ಲ, ಹೊರಗೆ ಸಮುದ್ರ. ಎಲ್ಲಿಗೆ ಹೋಗುವುದು?

ಅಕ್ಕ ನನ್ನ ಮುಖ ನೋಡಿದಳು. ಎದ್ದು ಸ್ಟೌ ಆರಿಸಿ ಬಾಗಿಲ ಬಳಿ ಹೋದಳು.

"ಬಾಗಿಲು ಮುಟ್ಟಬೇಡ! ಅಲೆ ಒಳಗೆ ನುಗ್ಗತ್ತೆ!" ಎಂದು ಅಪ್ಪ ಕೂಗಿದರು.

"ನುಗ್ಗಿದ್ರೆ ಒದ್ದೆ ಆಗ್ತೀವಿ, ಅಷ್ಟೇ. ಇಲ್ಲೇ ಇದ್ರೆ ಇವನು ಉಳಿಯಲ್ಲ ಅಪ್ಪ." ಅಕ್ಕನ ಧ್ವನಿ ಒಡೆಯುತ್ತಿತ್ತು, ಆದರೂ ಅವಳು ನಿಲ್ಲಿಸಲಿಲ್ಲ. "ಹೋದ್ಸಲ ರಜಕ್ಕೆ ಮನೆಗೆ ಬಂದಾಗ ತಿಂಗಳಲ್ಲಿ ನಿಮ್ಮ ಕೈ ನಡುಕ ನಿಂತಿತ್ತು. ಇಲ್ಲಿಗೆ ಬಂದ್ಮೇಲೆ ಮತ್ತೆ ಶುರುವಾಯ್ತು. ಇದು ಚಳಿ ಅಲ್ಲ. ಈ ಪಾದರಸಾನೇ ನಿಮ್ಮನ್ನ ಹಾಳು ಮಾಡ್ತಿರೋದು."

ಅಪ್ಪ ಹೊಡೆಯಲು ಕೈ ಎತ್ತಿದರು. ಎತ್ತಿದ ಕೈ ಗಡಗಡ ನಡುಗುತ್ತಿತ್ತು. ಅವರೇ ಅದನ್ನು ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತರು.

ಅಕ್ಕ ಅಗಳಿ ಎಳೆದಳು. ಮೊಣಕಾಲಷ್ಟು ನೀರು ಒಳಗೆ ನುಗ್ಗಿತು. ಜೊತೆಗೆ ಉಪ್ಪಿನ ತಣ್ಣನೆಯ ಗಾಳಿಯೂ ಬಂತು. ಬಂಡೆಗೆ ಕಟ್ಟಿದ್ದ ಹಗ್ಗ ಹಿಡಿದು ಅವಳು ನನ್ನನ್ನು ಎಳೆದುಕೊಂಡೇ ಗೋಪುರದ ಹಿಂದಿದ್ದ, ಸೀಮೆಎಣ್ಣೆ ಡಬ್ಬಗಳನ್ನು ಇಡುವ ಕಲ್ಲುಕೋಣೆಗೆ ಹೋದಳು. ಅಲ್ಲಿ ಗಾಳಿಗೆ ಮರೆಯಿತ್ತು. ನಮ್ಮ ಬಟ್ಟೆಗಳನ್ನು ಬಿಚ್ಚಿ ಹೊರಗೆಸೆದು, ಮಳೆನೀರಿನಲ್ಲಿ ನನ್ನ ತಲೆ ತೊಳೆದು, ಇಬ್ಬರಿಗೂ ಗೋಣಿಚೀಲ ಸುತ್ತಿದಳು. ಡಬ್ಬಗಳ ನಡುವೆ ಅವಳ ಮಡಿಲಲ್ಲಿ ಮಲಗಿ ನಾನು ಉಸಿರಿಗಾಗಿ ಒದ್ದಾಡುತ್ತಿದ್ದೆ. ಅಪ್ಪ ಬರಲಿಲ್ಲ. ಅವರು ಬರುವುದೇ ಇಲ್ಲವೇನೋ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಪೂರ್ತಿ ನೆಂದು ಬಂದರು. ಎದೆಗೆ ಅವಚಿಕೊಂಡಿದ್ದ ಲೈಟ್‌ಹೌಸಿನ ದಿನಚರಿ ಪುಸ್ತಕವನ್ನೂ ಪೆನ್ಸಿಲನ್ನೂ ಅಕ್ಕನ ಕೈಗೆ ಕೊಟ್ಟರು.

"ನೀನೇ ಬರಿ. ಪಾದರಸ ಚೆಲ್ಲಿದೆ. ಮಗನಿಗೆ ಉಸಿರಾಟದ ತೊಂದರೆ ಆಗಿದೆ." ಮುಖದ ನೀರು ಒರೆಸಿಕೊಂಡು, "ನನ್ನ ಕೈ ನಡುಗುತ್ತಿದೆ. ಒಂದು ವರ್ಷದಿಂದ" ಎಂದರು.

ಅಕ್ಕ ಪೆನ್ಸಿಲ್ ಎತ್ತಿ ಅವರ ಮುಖ ನೋಡಿದಳು.

"ಒಂದು ವರ್ಷದಿಂದ ಅಂತ್ಲೇ ಬರಿ."

ಅವಳು ಬರೆದಳು. ಆಮೇಲೆ ಇಬ್ಬರೂ ಹೋಗಿ ಸಹಾಯ ಕೇಳುವ ಬಾವುಟ ಏರಿಸಿದರು. ನಾಲ್ಕು ದಿನ ಅದು ಮಳೆಯಲ್ಲಿ ಪಟಪಟ ಬಡಿದುಕೊಂಡಿತು. ನಾವು ಆ ಕಲ್ಲುಕೋಣೆಯಲ್ಲೇ ಇದ್ದೆವು. ಹಡಗುಗಳಿಗಾಗಿ ದೀಪ ಹಚ್ಚಲೇಬೇಕಲ್ಲ. ಅಪ್ಪ ಮೂಗಿಗೆ ಒದ್ದೆ ಪಂಚೆ ಕಟ್ಟಿಕೊಂಡು ಹೋಗಿ ಬೇಗ ಇಳಿದು ಬರುತ್ತಿದ್ದರು. ಐದನೆಯ ದಿನ ದೋಣಿ ಬಂತು.

ಆಸ್ಪತ್ರೆಯ ಡಾಕ್ಟರು ಅಕ್ಕ ಹೇಳಿದ್ದೇ ಸರಿ ಎಂದರು. ಪಾದರಸ ಆವಿಯಾಗುತ್ತದಂತೆ, ಬಿಸಿ ತಾಗಿದರೆ ಇನ್ನೂ ಬೇಗ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ ಪುಪ್ಪುಸ, ನರ, ಮಿದುಳನ್ನೆಲ್ಲ ಕೆಡಿಸುತ್ತದೆ. ನನ್ನ ಕೆಮ್ಮು ಕೆಲವು ವಾರಗಳಲ್ಲಿ ಹೋಯಿತು. ಅಪ್ಪನಿಗೆ ಕೆಲಸ ಹೋಗಲಿಲ್ಲ, ದಡದ ಕಚೇರಿಗೆ ಹಾಕಿದರು. ನಡುಕ ಕಡಿಮೆಯಾಯಿತು, ನಗು ವಾಪಸು ಬಂತು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಮಾತ್ರ ಅವರಿಗೆ ಕೊನೆಯವರೆಗೂ ಬಹಳ ಹೊತ್ತು ಬೇಕಾಗುತ್ತಿತ್ತು.

ನಿಮಗೆ ಜ್ವರ ಬಂದರೆ ನಿಮ್ಮಮ್ಮ ಹಣೆಯ ಮುಂದೆ ಏನೋ ಹಿಡಿಯುತ್ತಾಳೆ, ಅದು ಕುಂಯ್ ಅನ್ನುತ್ತದೆ. ಅದರಲ್ಲಿ ಪಾದರಸವಿಲ್ಲ. ಹೋದ ತಿಂಗಳು ನಿಮ್ಮ ತರಗತಿಯ ಹುಡುಗನೊಬ್ಬ ಮನೆಯಿಂದ ಪಾದರಸವಿರುವ ಹಳೆಯ ಗಾಜಿನ ಥರ್ಮಾಮೀಟರ್ ತಂದು ಬೀಳಿಸಿದನಂತೆ. ಟೀಚರ್ ಕಿಟಕಿ ತೆರೆದು, ಬಾಗಿಲು ತೆಗೆದು, ಎಲ್ಲರನ್ನೂ ಸಾಲಾಗಿ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋದರಂತೆ. ನೀವು ಮನೆಗೆ ಬರುವ ಮೊದಲೇ ನಿಮ್ಮಮ್ಮನ ಫೋನಿಗೆ ಸುದ್ದಿ ಬಂದಿತ್ತು. "ಸೋ ಬೋರಿಂಗ್ ಅಜ್ಜ, ಹೋಲ್ ಆಫ್ಟರ್‌ನೂನ್ ಹೊರಗೇ ಕೂರಿಸಿದ್ರು" ಎಂದು ನೀವು ಬ್ಯಾಗ್ ಎಸೆದಿರಿ.

ನಾನು ಹಿತ್ತಲಿಗೆ ಹೋಗಿ ಸನ್ನಿಬ್ಯಾಂಕ್‌ಗೆ ಫೋನ್ ಮಾಡಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ.  ಅವಳು ಒಂದೇ ಪ್ರಶ್ನೆ ಕೇಳಿದಳು.

"ಬಾಗಿಲು ಯಾರು ತೆಗೆದ್ರಂತೆ?"

"ಟೀಚರ್" ಎಂದೆ.



"ದೊಡ್ಡವರೇ ತೆಗೆದ್ರಲ್ಲ" ಎಂದಳು ಅಕ್ಕ. "ಸಾಕು ಬಿಡು."